1624ರ ಸ್ಕಾಟಿಷ್ ಕೈಬರಹ ಓದಲು ಕೂತಿದ್ದೇನೆ, ಎರಡನೇ ಸಾಲು ದಾಟುತ್ತಿಲ್ಲ

ಚಳಿಯೂರ ಸೊಸೆ:
ಎಲ್ಲರಿಗೂ ನಮಸ್ಕಾರ. ಹಳೇ ಕಾಗದಪತ್ರದ ಹುಚ್ಚು ಇರುವವರು ಇಲ್ಲಿ ನಾಲ್ಕಾರು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನಾನು ಮಂಡ್ಯದವಳು, ಮದುವೆಯಾಗಿ ಎಡಿನ್‌ಬರಾಗೆ ಬಂದು ಹನ್ನೊಂದು ವರ್ಷ. ಅತ್ತೆಯ ತವರಿನವರು ಫೈಫ್ ಕಡೆಯ ರೈತರು. ಮುಂದಿನ ತಿಂಗಳು ಅತ್ತೆಗೆ ಎಪ್ಪತ್ತೈದು ತುಂಬುತ್ತದೆ. ಏನು ಉಡುಗೊರೆ ಕೊಡುವುದು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಸುಮ್ಮನಿರಲಾರದೆ, ನಿಮ್ಮ ಮನೆತನದ ಹಳೇ ಕಾಗದ ಹುಡುಕಿ, ಓದಿ, ಟೈಪ್ ಮಾಡಿ, ಫ್ರೇಮ್ ಹಾಕಿಸಿ ಕೊಡುತ್ತೇನೆ ಅಂದುಬಿಟ್ಟೆ. ಇಂಗ್ಲಿಷ್ ತಾನೇ, ಓದಿದರಾಯಿತು ಅನ್ನುವ ಧೈರ್ಯ.

ಸ್ಕಾಟ್ಲೆಂಡ್ಸ್ ಪೀಪಲ್ ಅನ್ನುವ ಹಳೇ ದಾಖಲೆಗಳ ಜಾಲತಾಣದಲ್ಲಿ ದುಡ್ಡು ಕಟ್ಟಿ ಚಿತ್ರ ಇಳಿಸಿಕೊಂಡೆ. ಸತ್ತವನ ಸ್ವತ್ತಿನ ಪಟ್ಟಿ, ಇದಕ್ಕೆ ಟೆಸ್ಟಮೆಂಟ್ ಅನ್ನುತ್ತಾರೆ. ಸೇಂಟ್ ಆಂಡ್ರೂಸ್ ಕಮಿಸರಿ ನ್ಯಾಯಾಲಯದ ಪುಸ್ತಕದ್ದು. ತೆರೆದು ನೋಡಿದರೆ ಒಂದು ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ಸಿಕ್ಕಿಕೊಂಡು, ಬಾಚದೇ ಬಿಟ್ಟ ಕೂದಲಿನ ಹಾಗಿದೆ.

ಎರಡು ವಾರ ಕೂತು ನಾನು ಕಂಡುಹಿಡಿದದ್ದು ಇಷ್ಟು. ಆ ಊರಿನ ಅರ್ಧ ಗಂಡಸರ ಹೆಸರು ‘ಅಂಕ್ವೈಲ್’. ರೈತನೂ ಅಂಕ್ವೈಲ್, ಅವನಪ್ಪನೂ ಅಂಕ್ವೈಲ್, ಸಾಲ ಕೊಟ್ಟವನೂ ಅಂಕ್ವೈಲ್! ‘ದಿ’ ಇರಬೇಕಾದ ಕಡೆಯೆಲ್ಲ ‘ಯೆ’ ಇದೆ. ‘ಎಸ್’ ಇರಬೇಕಾದ ಕಡೆ ‘ಎಫ್’. ಇಸವಿಯ ಜಾಗದಲ್ಲಿ ‘ಜೆ ಎ ಜೆ’ ಅಂತ ಏನೋ ಇದೆ. ಮತ್ತೆ ಎತ್ತು, ಹಸು, ಧಾನ್ಯ ಎಲ್ಲ ಇರುವ ಹಾಗೆ ಕಾಣುತ್ತದೆ, ಆದರೆ ಜಮೀನಿನ ಮಾತೇ ಇಲ್ಲ. ಪುಟ ಬಿಟ್ಟುಹೋಗಿದೆಯಾ? ಯಾರಾದರೂ ದಾರಿ ತೋರಿಸಿ.

ಹಳೇ ಕಾಗದ:
ಅಮ್ಮಾ, ಅಂಕ್ವೈಲ್ ಓದಿ ಜೋರಾಗಿ ನಕ್ಕೆ, ಬೇಜಾರು ಮಾಡಿಕೊಳ್ಳಬೇಡಿ. ಹದಿನೈದು ವರ್ಷದ ಹಿಂದೆ ನಾನೂ ಅದನ್ನು ಹೆಸರು ಅಂತಲೇ ಬರೆದುಕೊಂಡಿದ್ದೆ. ಅದು ಸ್ಕಾಟ್ಸ್ ಭಾಷೆಯ ಪದ, ‘ಅಮ್‌ಹ್ವೈಲ್’ ಅಂತ ಓದಿ. ಅರ್ಥ ದಿವಂಗತ. ಸತ್ತವರ ಪಟ್ಟಿಯಲ್ಲಿ ಎಲ್ಲರೂ ದಿವಂಗತರೇ ಅಲ್ವಾ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನೀವು ಓದುತ್ತಿರುವುದು ಇಂಗ್ಲಿಷ್ ಅಲ್ಲ, ಸ್ಕಾಟ್ಸ್. ಅಕ್ಷರವೂ ಈಗಿನದಲ್ಲ, ‘ಸೆಕ್ರೆಟರಿ ಹ್ಯಾಂಡ್’ ಅನ್ನುವ ಬರವಣಿಗೆ. 1500ರಿಂದ 1700ರ ಹತ್ತಿರದವರೆಗೂ ಅಲ್ಲಿನ ಗುಮಾಸ್ತರು, ನೋಟರಿಗಳು ಬರೆದದ್ದು ಹೆಚ್ಚಾಗಿ ಇದರಲ್ಲೇ. 1600ರ ನಂತರ ಈಗಿನದಕ್ಕೆ ಹತ್ತಿರದ ಇಟಾಲಿಕ್ ಅಕ್ಷರ ನಿಧಾನಕ್ಕೆ ನುಗ್ಗಿ ಎರಡೂ ಕಲಸಿಹೋದವು, ಹಾಗಾಗಿ ನಿಮ್ಮ ಗುಮಾಸ್ತ ಒಂದೇ ಪದದಲ್ಲಿ ಎರಡು ಥರದ ‘ಇ’ ಬರೆದಿದ್ದರೂ ಗಾಬರಿ ಬೇಡ. ಒಂದು ನಮ್ಮ ಈಗಿನದು, ಇನ್ನೊಂದು ಬೆನ್ನು ತಿರುಗಿಸಿ ನಿಂತ ‘ಇ’.

ನೀವು ಮಾಡುತ್ತಿರುವ ತಪ್ಪು ಎಲ್ಲರೂ ಮಾಡುವುದೇ. ಪದ ನೋಡಿ ಊಹೆ ಮಾಡುತ್ತಿದ್ದೀರಿ. ಊಹೆ ಬಿಡಿ. ಒಂದು ಬಿಳಿ ಹಾಳೆ ತಗೊಂಡು ಎಡಗಡೆ ಎ ಯಿಂದ ಝಡ್ ತನಕ ಬರೆಯಿರಿ. ಖಚಿತವಾಗಿ ಗೊತ್ತಿರುವ ಪದದಿಂದ ಮಾತ್ರ ಒಂದೊಂದೇ ಅಕ್ಷರ ಎತ್ತಿ, ಆ ಗುಮಾಸ್ತ ಹೇಗೆ ಬರೆದಿದ್ದಾನೋ ಹಾಗೇ ಅದರ ಎದುರಿಗೆ ನಕಲು ಮಾಡಿ. ಪೆನ್ನಲ್ಲಿ ಬರೆಯಬೇಕು, ಫೋಟೋ ಕತ್ತರಿಸಿ ಅಂಟಿಸಿದರೆ ಆಗಲ್ಲ. ಹೆಬ್ಬಾತಿನ ಗರಿಯ ಲೇಖನಿ ಎಲ್ಲಿ ಕೆಳಗಿಳಿಯಿತು, ಎಲ್ಲಿ ಎತ್ತಿದ, ಎಲ್ಲಿ ಎತ್ತದೇ ಎಳೆದ, ಅದು ಕೈಗೆ ಗೊತ್ತಾದರೆ ಕಣ್ಣು ತಾನಾಗಿ ದಾರಿಗೆ ಬರುತ್ತದೆ.

ಖಚಿತವಾದ ಪದ ಎಲ್ಲಿ ಸಿಗುತ್ತದೆ ಅಂತೀರಾ? ಟೆಸ್ಟಮೆಂಟಿನ ಮೊದಲ ಸಾಲು ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ‘ದ ಟೆಸ್ಟಮೆಂಟ್ ಡೇಟಿವ್ ಅಂಡ್ ಇನ್ವೆಂಟರ್ ಆಫ್ ದ ಗುಡಿಸ್, ಗಿಯರ್, ಸೌಮ್ಸ್ ಆಫ್ ಮನಿ ಅಂಡ್ ಡೆಟಿಸ್…’ ಅಂತ ಹೋಗುತ್ತದೆ. ಸಾಮಾನು, ಸರಂಜಾಮು, ಹಣ, ಸಾಲ. ಬರೀ ಇದೊಂದು ಸಾಲಿನಿಂದ ಅರ್ಧಕ್ಕಿಂತ ಜಾಸ್ತಿ ಅಕ್ಷರ ಸಿಗುತ್ತದೆ, ನಾನು ಕಲಿತದ್ದು ಹೀಗೇ.

ಇನ್ನು ಎಫ್-ಎಸ್ ಗೊಂದಲ. ಪದದ ಮೊದಲಲ್ಲಿ, ನಡುವೆ ಉದ್ದ ಎಸ್ ಬರುತ್ತದೆ. ಎಫ್‌ಗೆ ಹೊಟ್ಟೆಯ ಮೇಲೆ ಅಡ್ಡಗೆರೆ ಇರುತ್ತದೆ, ಎಸ್‌ಗೆ ಇರಲ್ಲ. ಕೊನೆಯಲ್ಲಿ ಬರುವ ಎಸ್ ಸಣ್ಣದಾಗಿ ಸುತ್ತಿಕೊಂಡಿರುತ್ತದೆ. ‘ಸಿ’ ನೋಡಲು ಈಗಿನ ‘ಆರ್’ ಥರ ಇದ್ದು ಮೋಸ ಮಾಡುತ್ತದೆ. ‘ಎಚ್’ನ ಮೈಯೆಲ್ಲ ಸಾಲಿನ ಕೆಳಗೇ ಇಳಿದಿರುತ್ತದೆ, ನೀವು ಹೇಳಿದ ಬಾಚದ ಕೂದಲಿನಲ್ಲಿ ಬಹುಪಾಲು ಎಚ್‌ಗಳದ್ದೇ. ಐ, ಎನ್, ಎಂ, ಯು ಇವೆಲ್ಲ ಬರೀ ಗಿಡ್ಡ ನೆಟ್ಟನೆ ಗೀಟುಗಳು, ಗೀಟು ಎಣಿಸಿಯೇ ಓದಬೇಕು.

ಘಟ್ಟದ ಮೇಲಿನವ:
ಜಮೀನಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಪುಟ ಬಿಟ್ಟುಹೋಗಿಲ್ಲ. ಸ್ಕಾಟ್ಲೆಂಡಿನಲ್ಲಿ ಉಯಿಲು ಬರೆದು ಜಮೀನು ಕೊಡಲು 1868ರ ತನಕ ಅವಕಾಶವೇ ಇರಲಿಲ್ಲ. ಜಮೀನು ವಾರಸುದಾರನಿಗೆ, ಸಾಮಾನ್ಯವಾಗಿ ಹಿರೀ ಮಗನಿಗೆ, ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಟೆಸ್ಟಮೆಂಟಿನಲ್ಲಿ ಇರುವುದು ಚರ ಸ್ವತ್ತು ಮಾತ್ರ. ಹೆಂಡತಿ ಮಕ್ಕಳು ಇಬ್ಬರೂ ಇದ್ದರೆ ಅದನ್ನು ಮೂರು ಪಾಲು ಮಾಡುತ್ತಿದ್ದರು. ಒಂದು ಹೆಂಡತಿಗೆ, ಒಂದು ಮಕ್ಕಳಿಗೆ, ಇನ್ನೊಂದು ‘ಡೀಡ್ಸ್ ಪಾರ್ಟ್’, ಅಂದರೆ ಸತ್ತವನ ಪಾಲು. ಆ ಒಂದು ಪಾಲನ್ನು ಮಾತ್ರ ಅವನು ತನಗೆ ಬೇಕಾದವರಿಗೆ ಕೊಡಬಹುದಿತ್ತು. ನಿಮ್ಮದು ‘ಡೇಟಿವ್’ ಅಂತಿದ್ದರೆ ಅವನು ಉಯಿಲು ಮಾಡದೇ ಹೋಗಿದ್ದಾನೆ, ನ್ಯಾಯಾಲಯವೇ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದೆ ಅಂತ ಅರ್ಥ. ಉಯಿಲು ಇದ್ದಿದ್ದರೆ ‘ಟೆಸ್ಟಮೆಂಟರ್’ ಅಂತ ಇರುತ್ತಿತ್ತು.

ಜಮೀನು ಬೇಕಿದ್ದರೆ ಸಸೀನ್ ದಾಖಲೆ, ಅಂದರೆ ಜಮೀನು ಕೈ ಬದಲಾದದ್ದರ ನೋಂದಣಿ ಹುಡುಕಿ, 1617ರಿಂದ ಇದೆ. ಅದು ಓದಲು ಮಜಾ ಇರುತ್ತದೆ. ಜಮೀನು ಕೈ ಬದಲಾಗುವಾಗ ಆ ಜಾಗಕ್ಕೇ ಹೋಗಿ ಮಣ್ಣು ಮತ್ತು ಕಲ್ಲು ಎತ್ತಿ ಕೈಗೆ ಕೊಡುತ್ತಿದ್ದರು, ನೋಟರಿ ನಿಂತು ಬರೆದುಕೊಳ್ಳುತ್ತಿದ್ದ. ಮೀನು ಹಿಡಿಯುವ ಹಕ್ಕಾದರೆ ಬಲೆ ಮತ್ತು ದೋಣಿ.

ಕುಡ್ಲದ ಕುವರ:
ಮಾರಾಯ್ರೆ, ಇಷ್ಟೆಲ್ಲಾ ಕಷ್ಟ ಯಾಕೆ? ಈಗ ಯಂತ್ರವೇ ಕೈಬರಹ ಓದುತ್ತದಲ್ಲ. ಫೋಟೋ ಹಾಕಿದರೆ ಎರಡು ನಿಮಿಷದಲ್ಲಿ ಟೈಪ್ ಆಗಿ ಬರುತ್ತದೆ.

ಚಳಿಯೂರ ಸೊಸೆ:
ಹಾಕಿ ನೋಡಿದೆ ಸರ್. ಬಹಳ ಚೆನ್ನಾಗಿ ಓದಿತು. ನಮ್ಮ ರೈತನ ಹತ್ತಿರ ಹನ್ನೆರಡು ಗೂಬೆ ಇತ್ತು ಅಂತ ಹೇಳಿತು.

ಹಳೇ ಕಾಗದ:
ಹ್ಹ ಹ್ಹ. ‘ಔಲ್’ ಅಂದಿರಬೇಕು. ನೋಡಿ, ಯಂತ್ರ ಕೆಟ್ಟದು ಅಂತ ನಾನು ಹೇಳಲ್ಲ. ಒಂದೇ ಕೈಯಲ್ಲಿ ಬರೆದ ಐನೂರು ಪುಟ ಇದ್ದರೆ, ಅದರಲ್ಲಿ ಒಂದಿಷ್ಟನ್ನು ನೀವೇ ಸರಿಯಾಗಿ ಓದಿ ಕಲಿಸಿಕೊಟ್ಟರೆ ಒಳ್ಳೇ ಕೆಲಸ ಮಾಡುತ್ತದೆ. ಆದರೆ ಓದಿದ್ದು ಸರಿಯೋ ತಪ್ಪೋ ಹೇಳಲು ಒಬ್ಬರಿಗಾದರೂ ಓದಲು ಬರಬೇಕಲ್ಲ. ಗೊತ್ತಿಲ್ಲದ ಅಕ್ಷರ ಬಂದರೆ ಅದು ನಿಮ್ಮ ಹಾಗೇ ಊಹೆ ಮಾಡುತ್ತದೆ, ಒಂದೇ ವ್ಯತ್ಯಾಸ ಅಂದರೆ ನಾಚಿಕೆ ಪಡಲ್ಲ.

ಶಿರಸಿ ಭಟ್ಟ:
ಆ ‘ಯೆ’ ವಿಷಯ ಯಾರೂ ಹೇಳಲಿಲ್ಲ. ಅದು ವೈ ಅಲ್ಲವೇ ಅಲ್ಲ. ಹಳೇ ಕಾಲದಲ್ಲಿ ‘ಥಾರ್ನ್’ ಅಂತ ಒಂದು ಅಕ್ಷರ ಇತ್ತು, ‘ಟಿ ಎಚ್’ ಎರಡೂ ಸೇರಿದ ಧ್ವನಿಗೆ. ಬರೆಯುತ್ತಾ ಬರೆಯುತ್ತಾ ಅದರ ಆಕಾರ ವೈ ಥರ ಆಯಿತು. ಹಾಗಾಗಿ ‘ಯೆ’ ಅಂತ ಕಂಡರೆ ‘ದ’ ಅಂತ ಓದಬೇಕು. ವೈ ಬರೆದು ಮೇಲೆ ಸಣ್ಣ ಟಿ ಹಾಕಿದ್ದರೆ ‘ದಟ್’. ಪಬ್ಬುಗಳ ಬೋರ್ಡಿನಲ್ಲಿ ‘ಯೆ ಓಲ್ಡ್’ ಅಂತ ಇರುತ್ತಲ್ಲ, ಅದರ ಮೂಲವೂ ಇದೇ.

ಇದರ ತಮ್ಮ ಇನ್ನೊಬ್ಬನಿದ್ದಾನೆ, ಹೆಸರು ‘ಯೋಖ್’. ನೋಡಲು ಬಾಲದ ಝಡ್ ಅಥವಾ ಮೂರು ಅಂಕಿಯ ಥರ, ಧ್ವನಿ ಮಾತ್ರ ‘ಯ’ಕ್ಕೆ ಹತ್ತಿರ. ಮುದ್ರಣ ಬಂದಾಗ ಅಚ್ಚುಮೊಳೆಯಲ್ಲಿ ಆ ಅಕ್ಷರ ಇರಲಿಲ್ಲ, ನೋಡಲು ಹತ್ತಿರ ಇದ್ದ ಝಡ್ ಹಾಕಿದರು. ಅದಕ್ಕೇ ಇವತ್ತಿಗೂ ಮನೆತನದ ಹೆಸರನ್ನು ಮೆಂಜೀಸ್ ಅಂತ ಬರೆದು ಹಳಬರು ‘ಮಿಂಗಿಸ್’ ಅನ್ನುತ್ತಾರೆ, ಡಾಲ್‌ಝಿಯೆಲ್ ಅಂತ ಬರೆದು ‘ಡೀಯೆಲ್’ ಅನ್ನುತ್ತಾರೆ. ಏರ್‌ಶೈರ್ ಕಡೆ ಕಲ್‌ಝೀನ್ ಅಂತ ಕೋಟೆ ಇದೆ, ಅದನ್ನು ಕರೆಯುವುದು ‘ಕಲೇನ್’. ನಮ್ಮ ೞ ಹೋಗಿ ಆ ಜಾಗಕ್ಕೆ ಳ ಬಂದು ಕೂತಿತಲ್ಲ, ನಾವು ಬರಹವನ್ನೂ ಬದಲಾಯಿಸಿ ಮರೆತುಬಿಟ್ಟೆವು. ಇವರು ಬರಹದಲ್ಲಿ ತಪ್ಪು ಅಕ್ಷರ ಇಟ್ಟುಕೊಂಡು ಬಾಯಲ್ಲಿ ಸರಿಯಾದದ್ದನ್ನೇ ಉಳಿಸಿಕೊಂಡರು.

ಟಿಪ್ಪಣಿ ಕೊಠಡಿ:
ನಾನು ಮೈಸೂರು ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಭಟ್ಟರು ಯೋಖ್ ಅಂದದ್ದಕ್ಕೆ ಒಂದು ಸೇರಿಸುತ್ತೇನೆ. ಮೆಕೆಂಜಿ ಅನ್ನುವ ಹೆಸರಿನಲ್ಲೂ ಇರುವುದು ಅದೇ ಅಕ್ಷರ, ಹಿಂದೆ ಅದನ್ನು ‘ಮಕಿಂಗಿ’ ಅನ್ನುವ ಹಾಗೆ ಹೇಳುತ್ತಿದ್ದರು. ಅಲ್ಲಿ ಮಾತ್ರ ಬರಹ ಗೆದ್ದು ‘ಝಿ’ ನಿಂತಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಸೀಮೆಯನ್ನೆಲ್ಲ ಅಳೆದು, ಕೈಫಿಯತ್ತು, ಶಾಸನ ಗುಡ್ಡೆಗಟ್ಟಲೆ ಒಟ್ಟುಮಾಡಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. ಅವನ ಕಾಲದ ಬರಹ ಆದರೆ ಆರಾಮ. 1750ರ ಈಚಿನ ಕೈಬರಹ ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ. 1800ರಲ್ಲಿ ಮೈಸೂರು ಸುತ್ತಿದ ಬುಕಾನನ್‌ನ ಕಾಲವೂ ಅದೇ. ನೀವು ಹಿಡಿದಿರುವ 1624 ಬೇರೆಯದೇ ಆಟ. ಅಭ್ಯಾಸಕ್ಕೆ ಇದೇ ಮನೆತನದ 1720ರ ಸುತ್ತಿನ ಕಾಗದ ಸಿಕ್ಕರೆ ಮೊದಲು ಅದನ್ನು ಓದಿ, ಹಿಂದಕ್ಕೆ ನಡೆಯುತ್ತಾ ಹೋಗಿ.

ಘಟ್ಟದ ಮೇಲಿನವ:
ನನಗೆ ಇದು ಒಪ್ಪಿಗೆ ಇಲ್ಲ. ಹಿಂದಕ್ಕೆ ನಡೆದರೆ ಕಣ್ಣು ಪ್ರತಿ ಸಲ ಈಗಿನ ಅಕ್ಷರವನ್ನೇ ಹುಡುಕುತ್ತದೆ. ಕಷ್ಟದ್ದನ್ನೇ ನೇರ ಹಿಡಿದು ಒಂದು ಪುಟದಲ್ಲಿ ತಿಂಗಳು ಕೂರಿ. ನಾನು ಹಾಗೇ ಮಾಡಿದ್ದು.

ಟಿಪ್ಪಣಿ ಕೊಠಡಿ:
ನಿಮಗೆ ತಿಂಗಳು ಇತ್ತು ಸರ್, ಅವರ ಅತ್ತೆಯ ಹುಟ್ಟುಹಬ್ಬಕ್ಕೂ ಒಂದೇ ತಿಂಗಳು ಇರುವುದು 🙂

ಚಳಿಯೂರ ಸೊಸೆ:
ಜಗಳ ಬೇಡ, ಎರಡೂ ಮಾಡುತ್ತಿದ್ದೇನೆ. ಅಕ್ಷರಮಾಲೆ ಹಾಳೆ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ, ಮಗ ಅದನ್ನು ನೋಡಿ ಇದು ಯಾವ ದೇಶದ್ದು ಅಂತ ಕೇಳಿದ. ಮೊದಲ ಸಾಲು ಪೂರ್ತಿ ಆಯಿತು! ಆದರೆ ಅಂಕಿಗಳು ತಲೆ ತಿನ್ನುತ್ತಿವೆ. ‘ಜೆ ಎ ಜೆ’ ಇನ್ನೂ ಹಾಗೇ ಇದೆ.

ಹಳೇ ಕಾಗದ:
ಅದು ಸಾವಿರ. ರೋಮನ್ ಅಂಕಿ. ಒಂದು ಅನ್ನಲು ಐ, ಸಾವಿರ ಅನ್ನಲು ಎಂ. ಐ ಅನ್ನು ಉದ್ದ ಎಳೆದು, ಎಂ ನ ಕೊನೆಯ ಗೀಟನ್ನೂ ಎಳೆದರೆ ‘ಜೆ ಎ ಜೆ’ ಥರ ಕಾಣುತ್ತದೆ. ಅದರ ಮುಂದೆ ‘ವಿ ಜೆ’ ಬರೆದು ಮೇಲೆ ಸಣ್ಣ ಸಿ ಇರಬೇಕು, ಅದು ಆರು ನೂರು. ಆಮೇಲೆ ‘ಟ್ವೆಂಟಿ ಫೋರ್’ ಅಕ್ಷರದಲ್ಲೇ ಇರುತ್ತದೆ. ರೋಮನ್ ಅಂಕಿಯ ಕೊನೆಯ ಐ ಅನ್ನು ಯಾವಾಗಲೂ ಜೆ ಮಾಡುತ್ತಾರೆ, ಮುಂದೆ ಯಾರೂ ಒಂದು ಗೀಟು ಸೇರಿಸದಿರಲಿ ಅಂತ. ನಾಲ್ಕು ಗೀಟು ಹಾಕಿ ಮೇಲೆ ಎರಡು ಎಕ್ಸ್ ಇದ್ದರೆ ನಾಲ್ಕು ಇಪ್ಪತ್ತು, ಎಂಬತ್ತು.

ಇಸವಿಯ ವಿಷಯದಲ್ಲಿ ನೀವು ಬಚಾವ್. ಸ್ಕಾಟ್ಲೆಂಡಿನಲ್ಲಿ 1600ರಿಂದ ಜನವರಿ 1ಕ್ಕೇ ಹೊಸ ವರ್ಷ. ಅದಕ್ಕೂ ಮುಂಚೆ ಮಾರ್ಚ್ 25ಕ್ಕೆ ಇತ್ತು. ಇಂಗ್ಲೆಂಡ್ ಬದಲಾಯಿಸಿದ್ದು 1752ರಲ್ಲಿ. ಹಾಗಾಗಿ ಸ್ಕಾಟ್ಲೆಂಡಿನ ಮೇರಿ ರಾಣಿಯ ತಲೆ ತೆಗೆದದ್ದು ನಮ್ಮ ಲೆಕ್ಕದಲ್ಲಿ 1587ರ ಫೆಬ್ರವರಿ 8, ಆಗಿನ ಇಂಗ್ಲಿಷ್ ಕಾಗದದಲ್ಲಿ 1586. ಅವಳ ಕೊನೇ ಪತ್ರ ಎಡಿನ್‌ಬರಾದ ನ್ಯಾಷನಲ್ ಲೈಬ್ರರಿಯಲ್ಲಿದೆ, ಬರೆದದ್ದು ಫ್ರೆಂಚ್‌ನಲ್ಲಿ, ಇಟಾಲಿಕ್ ಅಕ್ಷರದಲ್ಲಿ. ಫ್ರೆಂಚ್ ಬಾರದ ನನಗೂ ಅಕ್ಷರ ಗುರುತು ಸಿಗುತ್ತದೆ. ನಿಮ್ಮ ಗುಮಾಸ್ತನಿಗಿಂತ ರಾಣಿಯೇ ವಾಸಿ.

ಚಳಿಯೂರ ಸೊಸೆ:
ಎತ್ತಿನ ಸಾಲಿನಲ್ಲಿ ಸಿಕ್ಕಿಕೊಂಡೆ. ‘ಐಟಂ, ಫೋರ್ ಡ್ರಾಯಿನ್ ಆಕ್ಸಿನ್, ಪ್ರೈಸ್ ಆಫ್ ದ ಪೀಸ್ ಅವರ್‌ಹೆಡ್…’ ಇಲ್ಲಿಯವರೆಗೆ ಬಂತು. ನಾಲ್ಕು ಉಳುವ ಎತ್ತು, ಒಂದೊಂದಕ್ಕೆ ಸರಾಸರಿ ಬೆಲೆ. ಬೆಲೆ ಮಾತ್ರ ಹನ್ನೆರಡೋ ಹದಿನಾರೋ ಗೊತ್ತಾಗುತ್ತಿಲ್ಲ. ‘ಎಕ್ಸ್ ಐ ಜೆ’ ಥರವೂ ಇದೆ, ‘ಎಕ್ಸ್ ವಿ ಜೆ’ ಥರವೂ ಇದೆ. ಶಾಯಿ ಹರಡಿದೆ.

ಹಳೇ ಕಾಗದ:
ಮುಂದೆ ‘ಇಂಡೆ’ ಅಂತ ಒಂದು ಪದ ಇರುತ್ತದೆ ನೋಡಿ. ಲ್ಯಾಟಿನ್, ಹಾಗಾಗಿ ಒಟ್ಟು ಇಷ್ಟು ಅನ್ನುವುದಕ್ಕೆ. ಅಲ್ಲಿ ಏನಿದೆ?

ಚಳಿಯೂರ ಸೊಸೆ:
‘ಎಲ್ ಎಕ್ಸ್’, ಆಮೇಲೆ ಮೂರು ಗೀಟು, ಒಂದು ಜೆ. ಅರವತ್ತನಾಲ್ಕು!!! ನಾಲ್ಕು ಹದಿನಾರಲ ಅರವತ್ತನಾಲ್ಕು. ಅಯ್ಯೋ, ಮಗ್ಗಿ ಇಲ್ಲಿ ಕೆಲಸಕ್ಕೆ ಬಂತಲ್ಲ.

ಹಳೇ ಕಾಗದ:
ಅದೇ. ಆ ಸಾಲಿನಿಂದ ಈಗ ನಿಮಗೆ ಒಂದು ಖಚಿತವಾದ ವಿ ಸಿಕ್ಕಿತು, ಹಾಳೆಗೆ ಸೇರಿಸಿ. ಈ ಹದಿನಾರು ಪೌಂಡು ಸ್ಕಾಟ್ಸ್ ಪೌಂಡು ಅನ್ನುವುದು ನೆನಪಿರಲಿ. ಆಗ ಹನ್ನೆರಡು ಸ್ಕಾಟ್ಸ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡು. ‘ಮರ್ಕ್’ ಅಂತ ಬಂದರೆ ಹದಿಮೂರು ಶಿಲ್ಲಿಂಗ್ ನಾಲ್ಕು ಪೆನ್ಸ್, ಪೌಂಡಿನ ಮೂರರಲ್ಲಿ ಎರಡು ಭಾಗ. ಧಾನ್ಯ ‘ಬಾಲ್’ ಲೆಕ್ಕದಲ್ಲಿ ಇರುತ್ತದೆ, ನಾಲ್ಕು ಫರ್ಲಟ್‌ಗೆ ಒಂದು ಬಾಲ್. ನಿಮ್ಮ ಹನ್ನೆರಡು ಗೂಬೆ ಹನ್ನೆರಡು ಬಾಲ್ ಓಟ್ಸ್ ಆಗಿರಬಹುದು, ನೋಡಿ.

ನೀರುಮಜ್ಜಿಗೆ:
ಸುಮ್ನೆ ಕುತೂಹಲಕ್ಕೆ ಕೇಳುತ್ತೇನೆ, ಆ ರೈತನಿಗೆ ಓದಲು ಬರೆಯಲು ಬರುತ್ತಿತ್ತಾ? ಇವರಿಗೆಲ್ಲ ಕಾಗದದಲ್ಲಿ ಏನು ಬರೆದಿದ್ದಾರೆ ಅಂತ ಹೇಗೆ ಗೊತ್ತಾಗುತ್ತಿತ್ತು?

ಘಟ್ಟದ ಮೇಲಿನವ:
ಎಷ್ಟೋ ಜನರಿಗೆ ಬರುತ್ತಿರಲಿಲ್ಲ. ಸಾಲಪತ್ರಗಳ ಕೊನೆಯಲ್ಲಿ ಒಂದು ಮಾತು ಬರುತ್ತದೆ. ನನಗೆ ಬರೆಯಲು ಬಾರದ ಕಾರಣ, ನನ್ನ ಅಪ್ಪಣೆಯಂತೆ, ನೋಟರಿ ಹಿಡಿದು ನಡೆಸಿದ ಲೇಖನಿಯ ಮೇಲೆ ನನ್ನ ಕೈ ಇಟ್ಟು, ಅಂತ. ಅಂದರೆ ಸಾಲಗಾರ ಲೇಖನಿ ಮುಟ್ಟಿಕೊಂಡಿರುತ್ತಾನೆ, ಬರೆಯುವವನು ನೋಟರಿ. ಮೊದಲ ಸಲ ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ.

ಹೆಂಗಸರ ವಿಷಯ ಇನ್ನೊಂದು. ಮದುವೆಯಾದರೂ ಇಲ್ಲಿನ ಕಾಗದದಲ್ಲಿ ತವರಿನ ಹೆಸರೇ ಇರುತ್ತದೆ. ‘ರೆಲಿಕ್ಟ್’ ಅಂದರೆ ವಿಧವೆ. ಸೊಸೆ ಮೇಡಂ, ವಂಶ ಹುಡುಕುವವರಿಗೆ ಇದು ದೊಡ್ಡ ಉಪಕಾರ. ಆದರೆ ಕಾಗುಣಿತ ನಂಬಬೇಡಿ, ಒಂದೇ ಪುಟದಲ್ಲಿ ಒಂದೇ ಹೆಸರನ್ನು ಮೂರು ಥರ ಬರೆದಿರುತ್ತಾರೆ. ಯು, ವಿ, ಡಬ್ಲ್ಯು ಮೂರೂ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಾರೆ. ‘ಕ್ಯೂ ಯು ಎಚ್’ ಅಂತ ಶುರುವಾದರೆ ‘ಡಬ್ಲ್ಯು ಎಚ್’ ಅಂತ ಓದಿಕೊಳ್ಳಿ. ‘ಕ್ವಿಲ್ಕ್’ ಥರ ಕಾಣುವುದೆಲ್ಲ ‘ವಿಚ್’. ಟೈಪ್ ಮಾಡುವಾಗ ಮಾತ್ರ ತಿದ್ದಬೇಡಿ, ಅವನು ಬರೆದ ಹಾಗೇ ಇರಲಿ. ಚಿಕ್ಕದಾಗಿ ಬರೆದ ಪದ ಬಿಡಿಸಿ ಬರೆದರೆ ನೀವು ಸೇರಿಸಿದ ಅಕ್ಷರಗಳನ್ನು ಚೌಕ ಕಂಸದಲ್ಲಿ ಹಾಕಿ.

ಚಳಿಯೂರ ಸೊಸೆ (ಹತ್ತು ದಿನ ಬಿಟ್ಟು):
ಎಲ್ಲರಿಗೂ ವರದಿ. ಗೂಬೆ ಅಲ್ಲ, ಓಟ್ಸೇ. ‘ಬಾಲಿಸ್ ಐಟಿಸ್’ ಅಂತ ಇದೆ.

ನಿನ್ನೆ ಒಂದು ತಮಾಷೆ ಆಯಿತು. ಗುಟ್ಟಾಗಿ ಇಟ್ಟಿದ್ದೆ, ಅತ್ತೆ ಅಡುಗೆಮನೆಗೆ ಬಂದು ಫ್ರಿಜ್ಜಿನ ಮೇಲಿನ ಹಾಳೆ ನೋಡಿಬಿಟ್ಟರು. ಇನ್ನೇನು ಮಾಡುವುದು, ನಾನು ಓದಿದ್ದಷ್ಟನ್ನು ಅವರ ಮುಂದೆ ಜೋರಾಗಿ ಓದಿದೆ. ನನಗೆ ಎರಡು ದಿನದಿಂದ ‘ಕೆ ವೈ’ ಅನ್ನುವ ಎರಡಕ್ಷರದ ಪದ ಬಿಡಿಸಲಾಗಿರಲಿಲ್ಲ. ‘ಕೈ’ ಅಂದೆ. ಅವರು ಪಾತ್ರೆ ಒರೆಸುತ್ತಾ ತಿರುಗಿಯೂ ನೋಡದೆ, ಹಸುಗಳು, ನಮ್ಮಜ್ಜಿ ಹಾಗೇ ಅನ್ನುತ್ತಿದ್ದರು ಅಂದರು. ಅಷ್ಟೇ. ಆಮೇಲೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಈಗ ಸಂಜೆ ಹೊತ್ತು ಇಬ್ಬರೂ ಕೂರುತ್ತೇವೆ. ನಾನು ಅಕ್ಷರ ಹೇಳುತ್ತೇನೆ, ಅವರು ಅರ್ಥ ಹೇಳುತ್ತಾರೆ. ಉಡುಗೊರೆಯ ಗುಟ್ಟು ಹೋಯಿತು, ಹೋಗಲಿ.

ಇಬ್ಬರಿಗೂ ಬಿಡಿಸಲಾಗದ ಪದ ಒಂದು ಉಳಿದಿದೆ. ಪಟ್ಟಿಯ ಕೊನೆ. ಪಾತ್ರೆ ಪಡಗ ಎಲ್ಲ ಆದ ಮೇಲೆ ‘ವಿದ್ ದ ಅಬುಲ್ಜಮೆಂಟಿಸ್ ಆಫ್ ಹಿಸ್ ಬಾಡಿ’. ಮೈಗೆ ಸಂಬಂಧಿಸಿದ್ದು ಏನೋ. ಕಾಯಿಲೆಯಾ?

ಶಿರಸಿ ಭಟ್ಟ:
ಆ ‘ಜ’ ಇದೆಯಲ್ಲ, ಅದರ ಬಾಲ ಕೆಳಗೆ ಸುತ್ತಿಕೊಂಡಿದೆಯಾ ನೋಡಿ.

ಚಳಿಯೂರ ಸೊಸೆ:
ಇದೆ. ಮೂರು ಅಂಕಿ ಥರ… ಯೋಖ್! ಹಾಗಾದರೆ ‘ಅಬುಲ್ಯಮೆಂಟಿಸ್’. ಸ್ಕಾಟ್ಸ್ ನಿಘಂಟಿನಲ್ಲಿ ಹುಡುಕಿದೆ, ಸಿಕ್ಕಿತು. ಬಟ್ಟೆಬರೆ! ಅವನ ಮೈಮೇಲಿನ ಬಟ್ಟೆಬರೆ.

ಬೆಲೆಯನ್ನೂ ಈಗ ಓದಿದೆ, ಮನೆಸಾಮಾನು ಬಟ್ಟೆ ಎಲ್ಲ ಸೇರಿ ‘ಎಕ್ಸ್ ಐ ಜೆ’. ಸರಿಯಾಗಿ ಗೀಟು ಎಣಿಸಿದ್ದೇನೆ, ಇದು ಹನ್ನೆರಡೇ. ಅತ್ತೆ ಆಗಿನಿಂದ ಅದನ್ನೇ ಹೇಳುತ್ತಿದ್ದಾರೆ, ಮನೆಯೊಳಗಿದ್ದದ್ದೆಲ್ಲ ಸೇರಿದರೂ ಒಂದು ಎತ್ತಿನ ಬೆಲೆ ಆಗಲಿಲ್ಲವಲ್ಲ ಅಂತ.

ಘಟ್ಟದ ಮೇಲಿನವ:
ಅದರ ಹಿಂದೆಯೋ ಮುಂದೆಯೋ ‘ಬೈ ದ ಏರ್‌ಶಿಪ್’ ಅಂತ ಇದೆಯಾ ನೋಡಿ. ಇದ್ದರೆ, ವಾರಸುದಾರನ ಪಾಲು ಬಿಟ್ಟು ಅಂತ ಅರ್ಥ. ಇದ್ದುದರಲ್ಲಿ ಚೆನ್ನಾಗಿರುವುದನ್ನು ಒಂದೊಂದು ಆರಿಸಿ ಮೊದಲೇ ವಾರಸುದಾರನಿಗೆ ತೆಗೆದಿಟ್ಟಿರುತ್ತಾರೆ.

ಚಳಿಯೂರ ಸೊಸೆ:
ಇದೆ. ಅದನ್ನು ನಾನು ‘ಬೈ ದ ಹಾರ್ಡ್‌ಶಿಪ್’ ಅಂತ ಓದಿ, ಪಾಪ ಕಷ್ಟದಲ್ಲಿದ್ದ ಅಂದುಕೊಂಡಿದ್ದೆ. ತಿದ್ದಿದೆ. ಫ್ರೇಮಿನವನಿಗೆ ಶುಕ್ರವಾರ ಕೊಡಬೇಕು.